ಉಚಿತ ತರಬೇತಿ, ಗ್ಯಾರಂಟಿ ನೌಕರಿ ಎನ್ನುವವರ ಕೈಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಡಿ

ಪಿಯುಸಿ ಮುಗಿಸಿ ಮನೆಯಲ್ಲಿರುವ ಮಕ್ಕಳು ನಿಮ್ಮ ಕಡೆ ಇದ್ದರೆ ಇದನ್ನು ಅವರಿಗೂ ಅವರ ಹೆತ್ತವರಿಗೂ ಓದಿ ಹೇಳಿ. ನನ್ನ ತಂಗಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅವಳು ಸೇರಿದ್ದು ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ಹೊಲಿಗೆ ಮಷಿನ್ ಬ್ಯಾಚಿಗೆ. 2014ರಲ್ಲಿ ಶುರುವಾದ ಈ ಯೋಜನೆ ಒಳ್ಳೆಯದೇ. ಹಳ್ಳಿಯ ಬಡ ಕುಟುಂಬಗಳ 15ರಿಂದ 35 ವರ್ಷದವರಿಗೆ ಕೇಂದ್ರ, ರಾಜ್ಯ ಎರಡೂ ಸೇರಿ ದುಡ್ಡು ಹಾಕುತ್ತವೆ. ಕಲಿಸಿ ಕೆಲಸಕ್ಕೆ ಹಚ್ಚುವ ಹೊಣೆ ಮಾತ್ರ ಖಾಸಗಿ ಸಂಸ್ಥೆಗಳದ್ದು. ನಮ್ಮೂರಿಗೆ ಬಂದ ಮೊಬಿಲೈಸರ್ (ಊರೂರು ಸುತ್ತಿ ತರಬೇತಿಗೆ ಮಕ್ಕಳನ್ನು ಸೇರಿಸುವವ) ಅಮ್ಮನಿಗೆ ಹೇಳಿದ್ದು, "ಅಕ್ಕಾರ, ಒಂದ್ ರೂಪಾಯಿನೂ ಖರ್ಚಿಲ್ರಿ. ಊಟ, ಹಾಸ್ಟೆಲ್, ಡ್ರೆಸ್ ಎಲ್ಲಾ ಸರಕಾರದ್ದ." ನಿಯಮದಲ್ಲಿ ಅದು ನಿಜ. ಆದರೆ ತರಬೇತಿ ಕೇಂದ್ರಕ್ಕೆ ಹೋದ ದಿನವೇ ಡಿಪಾಸಿಟ್ ಎಂದು ಮೂರು ಸಾವಿರ ಕೇಳಿದರು, ರಶೀದಿ ಕೊಡಲಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳನ್ನು "ವೆರಿಫಿಕೇಷನ್‌ಗೆ" ಎಂದು ಇಟ್ಟುಕೊಂಡರು.

ಮೂರು ತಿಂಗಳ ಕೋರ್ಸ್ ಎಂದರೆ ಈ ಯೋಜನೆಯಲ್ಲಿ 576 ಗಂಟೆ. ಇಡೀ ಬ್ಯಾಚಿಗೆ ಓಡುವ ಮಷಿನ್ ನಾಲ್ಕೈದು ಇದ್ದವು. ಕಲಿಸುವಾಕೆ ನಡುವೆಯೇ ಬಿಟ್ಟು ಹೋದಳು. ಬೆಳಿಗ್ಗೆ, ಸಂಜೆ ಹಾಜರಿಗೆ ಹೆಬ್ಬೆಟ್ಟು ಒತ್ತಿಸುವುದು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಆಮೇಲೆ ಬೆಂಗಳೂರಿನ ಗಾರ್ಮೆಂಟ್ಸ್ ಒಂದಕ್ಕೆ ಕಳಿಸಿದರು. ಆಪರೇಟರ್ ಎಂದು ಹೇಳಿ ದಾರ ಕತ್ತರಿಸುವ ಹೆಲ್ಪರ್ ಕೆಲಸಕ್ಕೆ ಹಾಕಿದರು. ಇರುವ ಕೋಣೆ, ಮೆಸ್ಸಿನ ಊಟ ಎಂದು ಸಂಬಳದಲ್ಲಿ ಹಿಡಿದುಕೊಂಡರೆ ಊರಿಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. ಎರಡನೇ ತಿಂಗಳಲ್ಲೇ ವಾಪಸ್ ಬಂದಳು.

ಸ್ವಲ್ಪ ದಿನಕ್ಕೆ ಕೇಂದ್ರದವನೊಬ್ಬ ಮೂರು ತಿಂಗಳ ಸಂಬಳದ ಚೀಟಿ ಹಿಡಿದು ಮನೆಗೇ ಬಂದ. "ಸಹಿ ಮಾಡವ್ವಾ, ಮಾರ್ಕ್ಸ್ ಕಾರ್ಡ್ ಕೊಡ್ತೀವಿ" ಅಂದ.

ಯಾಕೆ ಮೂರೇ ತಿಂಗಳು? ಅನುದಾನ ಸಂಸ್ಥೆಗೆ ಒಂದೇ ಸಲ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಕಲಿತವರಲ್ಲಿ ನೂರಕ್ಕೆ 70 ಜನ ಕೆಲಸಕ್ಕೆ ಸೇರಬೇಕು, ಮೂರು ತಿಂಗಳು ಸಂಬಳ ಪಡೆದದ್ದಕ್ಕೆ ಪುರಾವೆ ಬೇಕು. ನಮ್ಮ ಹುಡುಗಿಯ ಸಹಿಯೇ ಅವರ ಮುಂದಿನ ಕಂತು. ಅಪ್ಪ ಸಹಿ ಹಾಕಲು ಬಿಡಲಿಲ್ಲ. ಅವಳ ಕೈಗೇ ಬರಬೇಕಿದ್ದ ಹಣವೊಂದಿತ್ತು: ಊರು ಬಿಟ್ಟು ರಾಜ್ಯದೊಳಗೇ ಬೇರೆ ಜಿಲ್ಲೆಗೆ ಕೆಲಸಕ್ಕೆ ಹೋದವರಿಗೆ ಆಗಿನ ನಿಯಮದಲ್ಲಿ ತಿಂಗಳಿಗೆ 1000 ರೂಪಾಯಿಯಂತೆ ಮೂರು ತಿಂಗಳು. ಅದರ ಸುದ್ದಿಯನ್ನೇ ಅವರು ಎತ್ತಿರಲಿಲ್ಲ.

ಈ ಯೋಜನೆ ನೋಡಿಕೊಳ್ಳುವ ಜಿಲ್ಲಾ ಪಂಚಾಯಿತಿಯ ಸಂಜೀವಿನಿ ವಿಭಾಗಕ್ಕೆ ಲಿಖಿತ ದೂರು ಕೊಟ್ಟ ಮೇಲೆ ಮಾರ್ಕ್ಸ್ ಕಾರ್ಡ್ ಬಂತು. ಅಷ್ಟರಲ್ಲಿ ಬಿ.ಎ. ಪ್ರವೇಶದ ದಿನ ಮುಗಿದಿತ್ತು. ಮೂರು ಸಾವಿರ ಇವತ್ತಿಗೂ ಬಂದಿಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು ಆ ವರ್ಷ ಹಾಳಾದದ್ದಕ್ಕೆ.

ಇದು ಒಂದೇ ಕೇಂದ್ರದ ಕತೆ ಎಂದು ಸುಮ್ಮನಾಗಬೇಡಿ. ಕೇಂದ್ರ ಸರಕಾರದ ಇನ್ನೊಂದು ತರಬೇತಿ ಯೋಜನೆಯಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಬಗ್ಗೆ 2025ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂದ ಸಿಎಜಿ (ಸರಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ) ವರದಿಯಲ್ಲೂ ಬಹಳಷ್ಟು ಅಭ್ಯರ್ಥಿಗಳ ಬ್ಯಾಂಕ್ ಖಾತೆ ವಿವರವೇ ಇಲ್ಲದ್ದು, ಒಂದೇ ಫೋಟೊ ಹಲವರ ಹೆಸರಿಗೆ ಇದ್ದದ್ದು ದಾಖಲಾಗಿದೆ.

ಸೇರುವ ಮೊದಲು ಕೇಂದ್ರಕ್ಕೆ ಹೋಗಿ ಮಷಿನ್ ಎಣಿಸಿ. ಹಿಂದಿನ ಬ್ಯಾಚಿನ ಇಬ್ಬರು ಮೂವರ ಜತೆ, ಕೇಂದ್ರದವರು ಎದುರಿಗಿಲ್ಲದಾಗ, ಮಾತಾಡಿ. ಜೆರಾಕ್ಸ್ ಮಾತ್ರ ಕೊಡಿ. ಆಫರ್ ಲೆಟರ್‌ನಲ್ಲಿ ಕೆಲಸದ ಹೆಸರು, ಕಡಿತ ಕಳೆದು ಕೈಗೆ ಸಿಗುವ ಸಂಬಳ, ಪಿ.ಎಫ್., ಇ.ಎಸ್.ಐ. ಬರೆದಿರದಿದ್ದರೆ ಬಸ್ಸು ಹತ್ತಬೇಡಿ. ಸ್ವಂತ ಉದ್ಯೋಗದ ಆಸೆಯಿದ್ದರೆ ಜಿಲ್ಲೆಯ ಆರ್‌ಸೆಟಿ (ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ) ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯ ಸಂಸ್ಥೆಗಳಿವು, ಬ್ಯಾಂಕುಗಳು ನಡೆಸುತ್ತವೆ, ಊಟ ವಸತಿ ಉಚಿತ. ಈಗಾಗಲೇ ಮಾರ್ಕ್ಸ್ ಕಾರ್ಡ್ ಕೊಟ್ಟು ಸಿಕ್ಕಿಕೊಂಡವರು ಫೋನಿನಲ್ಲಿ ಬೇಡಿಕೊಳ್ಳುತ್ತ ಕೂರಬೇಡಿ. ಜಿಲ್ಲಾ ಪಂಚಾಯಿತಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೇ ಅಲ್ಲಿಂದ ಬನ್ನಿ.