ಕ್ಯಾಂಟನ್‌ನ ಫುಟ್ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಟೋನಿ ಡಂಜಿ ಅವರನ್ನು ಹುಡುಕುತ್ತಾ

ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ 1963ರಲ್ಲಿ ಬಾಗಿಲು ತೆರೆದ, ಅಮೆರಿಕನ್ ಫುಟ್ಬಾಲ್‌ನ ದಿಗ್ಗಜರನ್ನು ಗೌರವಿಸುವ ಪ್ರೊ ಫುಟ್ಬಾಲ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯಕ್ಕೆ ನಾನು ಹೋದದ್ದು, ಆಟಗಾರರಾಗಿ ಬಂದು ಕೋಚ್ ಆಗಿ ಹೆಸರಾದ ಟೋನಿ ಡಂಜಿ ಅವರಿಗಾಗಿ. ಆ ಆಟದ ವೃತ್ತಿಪರ ಲೀಗ್ ಆದ ಇಂದಿನ ಎನ್‌ಎಫ್‌ಎಲ್ 1920ರಲ್ಲಿ ಹುಟ್ಟಿದ್ದು ಇದೇ ಊರಿನ ಒಂದು ಕಾರು ಮಳಿಗೆಯಲ್ಲಿ.

ಇಲ್ಲಿ ಮನಸ್ಸು ನಿಲ್ಲುವುದು ಕಂಚಿನ ಪ್ರತಿಮೆಗಳ ಕೊಠಡಿಯಲ್ಲಿ. ಸೇರ್ಪಡೆಯಾದ ವರ್ಷದ ಕ್ರಮದಲ್ಲಿ ಮುಖಗಳು ಸಾಲಾಗಿ ನಿಂತಿವೆ; ಜೋರಾಗಿ ಮಾತಾಡುತ್ತ ಬಂದವರೂ ಒಳಗೆ ಕಾಲಿಟ್ಟೊಡನೆ ತಾವಾಗಿ ದನಿ ತಗ್ಗಿಸುತ್ತಾರೆ. 2016ರ ಸಾಲಿನಲ್ಲಿ ಡಂಜಿ ಇದ್ದಾರೆ.

ಅವರಿಗೆ ಈ ಗೌರವ ಸಂದಿರುವುದು ಕೋಚ್ ಎಂಬ ನೆಲೆಯಲ್ಲಿ. ಆದರೆ ಆ ಕೋಚ್‌ನ ಬೇರು ಅವರ ಮೂರು ವರ್ಷಗಳ ಆಟದಲ್ಲಿದೆ ಎಂದೇ ನನ್ನ ನಂಬಿಕೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಆಗಿದ್ದ ಅವರನ್ನು 1977ರ ಡ್ರಾಫ್ಟ್‌ನಲ್ಲಿ, ಅಂದರೆ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆಯಲ್ಲಿ, ಯಾವ ತಂಡವೂ ಆರಿಸಿಕೊಳ್ಳಲಿಲ್ಲ; ಆಮೇಲೆ ಕರೆದುಕೊಂಡ ಪಿಟ್ಸ್‌ಬರ್ಗ್ ಸ್ಟೀಲರ್ಸ್, ಚೆಂಡು ಎಸೆಯುತ್ತಿದ್ದವರನ್ನು ಎದುರಾಳಿಯ ಎಸೆತ ತಡೆಯುವ ಸೇಫ್ಟಿ ಸ್ಥಾನದಲ್ಲಿ ನಿಲ್ಲಿಸಿತು. ಅದೇ ವರ್ಷ ಹ್ಯೂಸ್ಟನ್ ಆಯ್ಲರ್ಸ್ ವಿರುದ್ಧ ತಂಡದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಗಾಯಗೊಂಡಾಗ ಡಂಜಿಯೇ ಮತ್ತೆ ಕ್ವಾರ್ಟರ್‌ಬ್ಯಾಕ್ ಆಗಿ ನಿಲ್ಲಬೇಕಾಯಿತು. ಎದುರಾಳಿಯ ಎಸೆತವನ್ನು ಕಸಿದುಕೊಂಡದ್ದೂ, ತಮ್ಮ ಎಸೆತವನ್ನು ಎದುರಾಳಿಗೆ ಒಪ್ಪಿಸಿದ್ದೂ ಆ ಒಂದೇ ಪಂದ್ಯದಲ್ಲಿ! ಹೀಗೆ ಆಟವನ್ನು ಎರಡೂ ಬದಿಯಿಂದ ಕಂಡವರು 1984ರಲ್ಲಿ, ಕೇವಲ 28ನೇ ವಯಸ್ಸಿನಲ್ಲಿ, ಅದೇ ತಂಡದ ರಕ್ಷಣಾ ವಿಭಾಗದ ಹೊಣೆ ಹೊತ್ತದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಅವರನ್ನು ಆಡಿಸಿದ, ಮುಂದೆ ಸಹಾಯಕರಾಗಿ ಸೇರಿಸಿಕೊಂಡ ಸ್ಟೀಲರ್ಸ್‌ನ ಮುಖ್ಯ ಕೋಚ್ ಚಕ್ ನೋಲ್ ಅವರ ಪ್ರತಿಮೆ 1993ರ ಸಾಲಿನಲ್ಲಿದೆ. ಅವರೂ ಆಟ ಬಿಟ್ಟು ಕೋಚ್ ಆದವರೇ. ಗುರುಶಿಷ್ಯರ ಆ ಎರಡು ಮುಖಗಳ ನಡುವೆ ನಾನು ನಾಲ್ಕು ಬಾರಿ ಓಡಾಡಿದೆ.

2007ರ ಫೆಬ್ರವರಿ 4ರಂದು ಮಯಾಮಿಯಲ್ಲಿ ಸುರಿಯುವ ಮಳೆಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯದಲ್ಲಿ, ಮೊದಲ ಕಿಕ್‌ನಲ್ಲೇ ಎದುರಾಳಿ ಶಿಕಾಗೊ ಬೇರ್ಸ್ ಚೆಂಡನ್ನು ಗಡಿಗೆರೆ ದಾಟಿಸಿ ಟಚ್‌ಡೌನ್ ಗಳಿಸಿದ ಮೇಲೂ, ಡಂಜಿಯವರ ಇಂಡಿಯಾನಾಪೊಲಿಸ್ ಕೋಲ್ಟ್ಸ್ 29-17ರಿಂದ ಗೆದ್ದಿತು. ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಜನಾಂಗದ ಮುಖ್ಯ ಕೋಚ್ ಅವರು. ಅಂದು ಎದುರು ನಿಂತಿದ್ದ ಬೇರ್ಸ್ ಕೋಚ್ ಲವಿ ಸ್ಮಿತ್, ಡಂಜಿ ಹಿಂದೆ ಮುಖ್ಯ ಕೋಚ್ ಆಗಿದ್ದ ಟ್ಯಾಂಪಾ ತಂಡದಲ್ಲಿ ಅವರ ಕೈಕೆಳಗೆ ಪಳಗಿದ್ದವರು.

ಕ್ಲೀವ್‌ಲ್ಯಾಂಡ್ ಕಡೆಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅರ್ಧ ದಿನವನ್ನಾದರೂ ಇದಕ್ಕೆಂದೇ ಇಟ್ಟುಕೊಳ್ಳಿ. ಪ್ರತಿಮೆಗಳಿಗೆ ಮೊದಲು, ಗೆದ್ದ ತಂಡದವರಿಗೆ ಸಿಗುವ ಸೂಪರ್ ಬೌಲ್ ಉಂಗುರಗಳನ್ನು ನೋಡಿ: 1978ರ ಹಂಗಾಮಿನ ಸ್ಟೀಲರ್ಸ್ ಉಂಗುರ ಆಟಗಾರ ಡಂಜಿಯದು, 2006ರ ಹಂಗಾಮಿನ ಕೋಲ್ಟ್ಸ್ ಉಂಗುರ ಕೋಚ್ ಡಂಜಿಯದು.