ಜೇನು ಸೂಟು: ಮಲೆನಾಡಿನ ತೋಟಕ್ಕೆ ಯಾವುದು ಆಗುತ್ತದೆ?

ಜೇನು, ಕಡಜ ಅಂದರೆ ಚಿಕ್ಕಂದಿನಿಂದ ಹೆದರುವವರೂ ಅಡಿಕೆ ತೋಟಕ್ಕೆ ಇಳಿಯಲೇಬೇಕು. ಮೆಣಸಿನ ಬಳ್ಳಿಯ ಮರೆಯಲ್ಲಿ ಕಡಜದ ಗೂಡು, ದೊಡ್ಡ ಮರದ ಕೊಂಬೆಯಲ್ಲಿ ಹೆಜ್ಜೇನು, ಮನೆ ಹಿಂದೆ ಸಾಕುವ ತುಡುವೆ ಜೇನಿನ ಪೆಟ್ಟಿಗೆ. ಅಂಥವರು ಮೊದಲು ತರಿಸುವುದು ಆನ್‌ಲೈನಿನಲ್ಲಿ ಸಿಗುವ, ಹುಳು ಕಚ್ಚದಂತೆ ಮೈಯೆಲ್ಲ ಮುಚ್ಚುವ ಬಿಳಿ ಕಾಟನ್ ಸೂಟು. ತೀರ್ಥಹಳ್ಳಿ, ಹೊಸನಗರದ ಹವೆಗೆ ಅದು ಅರ್ಧಂಬರ್ಧ ಒಗ್ಗುತ್ತದೆ.

ಹುಳುವಿನ ಮುಳ್ಳಿನಿಂದ ಕಾಯುವುದು ಬಟ್ಟೆಗೂ ಚರ್ಮಕ್ಕೂ ನಡುವಿನ ಗಾಳಿ. ಬೆವರಿಗೋ ಮಳೆಗೋ ನೆನೆದ ಕಾಟನ್ ಭುಜಕ್ಕೆ, ತೊಡೆಗೆ ಅಂಟಿಕೊಂಡರೆ ಮುಳ್ಳು ಸಲೀಸಾಗಿ ಇಳಿಯುತ್ತದೆ. ಬಗ್ಗಿದಾಗ ಬೆನ್ನು, ಕೈ ಮಡಿಸಿದಾಗ ಮೊಣಕೈ ಬಿಗಿಯುವುದೂ ಅಷ್ಟೇ ಅಪಾಯ. ಹಾಗಾಗಿ ನಿಮ್ಮ ಅಳತೆಗಿಂತ ಎರಡು ಸೈಜು ದೊಡ್ಡದು ತಗೊಳ್ಳಿ; ಒಳಗೆ ತುಂಬುತೋಳಿನ ಸಡಿಲ ಅಂಗಿ, ದಪ್ಪ ಪ್ಯಾಂಟು ಇರಲಿ. ನೋಡುವವರು ನಗಲಿ ಬಿಡಿ. ದುಡ್ಡಿದ್ದರೆ ಮೂರು ಪದರದ ಬಲೆ ಸೂಟೇ ಸರಿ. ನಡುವಿನ ದಪ್ಪ ಜಾಲರಿ ಹೊರ ಬಟ್ಟೆಯನ್ನು ಮೈಯಿಂದ ದೂರ ಹಿಡಿಯುತ್ತದೆ, ಗಾಳಿಯೂ ಆಡುತ್ತದೆ. ಬೆಲೆ ಮಾತ್ರ ಕಾಟನ್ನಿಗಿಂತ ಬಹಳ ಜಾಸ್ತಿ.

ಹುಳು ಒಳಗೆ ನುಗ್ಗುವ ಜಾಗ ಮುಖ್ಯವಾಗಿ ಮೂರು. ಕತ್ತಿನ ಮುಂದೆ ಎರಡು ಜಿಪ್ ಸೇರುವ ಕಡೆ ಬೆರಳು ತೂರುವಷ್ಟು ಸಂದು ಉಳಿದಿರುತ್ತದೆ, ಅದರ ಮೇಲಿನ ವೆಲ್ಕ್ರೋ ಪಟ್ಟಿ ಒತ್ತಿ ಕೂತಿದೆಯೇ ಎಂದು ಇನ್ನೊಬ್ಬರಿಂದ ನೋಡಿಸಿಕೊಳ್ಳಿ. ಎರಡನೆಯದು ಮಣಿಕಟ್ಟು: ಸೂಟಿನ ತೋಳಿನ ಮೇಲೆ ಗ್ಲೌಸಿನ ಉದ್ದ ತೋಳು ಬರಬೇಕು. ಇನ್ನು ಕಾಲು. ಜೇನು ಮೇಲ್ಮುಖವಾಗಿ ಹತ್ತುವ ಹುಳು. ಗಂಬೂಟಿನ ಮೇಲೆ ಪ್ಯಾಂಟಿನ ಎಲಾಸ್ಟಿಕ್ ಎಳೆದು, ಹಳೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದರೆ ಸಾಕು. ಇಂಬಳದ (ಜಿಗಣೆಯ) ಕಾಟವೂ ಕಡಿಮೆ!

ಮುಖದ ಬಲೆ ಕಪ್ಪಗಿರಲಿ, ಬಿಳಿ ಬಲೆ ಬಿಸಿಲಿಗೆ ಹೊಳೆದು ಕಣ್ಣು ಕುಕ್ಕುತ್ತದೆ. ಬಲೆ ಮೂಗಿಗೆ, ಕಿವಿಗೆ ತಾಗಬಾರದು. ಒಳಗೆ ಅಂಚಿರುವ ಟೋಪಿ ಹಾಕಿದರೆ ದೂರ ನಿಲ್ಲುತ್ತದೆ. ಹೆದರುವವರು ಎಡವುವುದು ಇಲ್ಲೇ. ಕಣ್ಣೆದುರು ಹುಳು ಹರಿದಾಡಿದ ಕೂಡಲೇ ಕೈಯಿಂದ ಹೊಡೆಯುತ್ತಾರೆ, ಬಲೆ ಕೆನ್ನೆಗೆ ಒತ್ತುತ್ತದೆ, ಮುಳ್ಳು ಚುಚ್ಚುತ್ತದೆ. ಒಳಗೇ ಹುಳು ಸೇರಿದರೂ ಪೆಟ್ಟಿಗೆ ಪಕ್ಕ ಜಿಪ್ ತೆಗೆಯಬೇಡಿ. ದೂರ ನಡೆದು ಹೋಗಿ, ಹಿಂದೆ ಬಂದ ಹುಳುಗಳೆಲ್ಲ ಬಿಟ್ಟ ಮೇಲೆ ಬಿಚ್ಚಿ.

ತುಡುವೆ ಪೆಟ್ಟಿಗೆ ಕೆಲಸಕ್ಕೆ, ಪೊದೆಯ ಸಣ್ಣ ಕಡಜದ ಗೂಡಿನ ಹತ್ತಿರ ಹೋಗಲಿಕ್ಕೆ ಕಾಟನ್ ಸೂಟು ಆದೀತು. ಹೆಜ್ಜೇನಿಗೆ ಬೇಡ. ಅದು ಗುಂಪಾಗಿ ಬಹುದೂರ ಅಟ್ಟಿಸಿಕೊಂಡು ಬರುತ್ತದೆ. ತುಡುವೆಗಿಂತ ಗಾತ್ರ ದೊಡ್ಡದು, ಮುಳ್ಳೂ ಉದ್ದ. ಸೂಟು ತೊಟ್ಟು ಅಡಿಕೆ ಮರ ಹತ್ತುವುದಂತೂ ಬೇಡವೇ ಬೇಡ: ಗ್ಲೌಸು ಜಾರುತ್ತದೆ, ಸಡಿಲ ಬಟ್ಟೆ ಸಿಕ್ಕಿಕೊಳ್ಳುತ್ತದೆ.

ಹಿಂದೊಮ್ಮೆ ಹುಳು ಕಚ್ಚಿದಾಗ ಮೈಯೆಲ್ಲ ದದ್ದು ಎದ್ದವರು, ಉಸಿರು ಕಟ್ಟಿದವರು ಸೂಟು ನಂಬಿ ಪೆಟ್ಟಿಗೆ ತೆರೆಯಬಾರದು, ಮೊದಲು ವೈದ್ಯರನ್ನು ಕಾಣಬೇಕು. ಕಚ್ಚಿದ ಮೇಲೆ ಉಸಿರು ಕಟ್ಟಿದರೆ, ಗಂಟಲು ಬಿಗಿದರೆ ಮನೆಮದ್ದು ಹಚ್ಚುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಜೇನಿನ ಮುಳ್ಳು ಚರ್ಮದಲ್ಲಿ ಉಳಿದು ವಿಷ ಹರಿಸುತ್ತಲೇ ಇರುತ್ತದೆ, ಉಗುರಿನಿಂದಾದರೂ ಸರಿ ತಕ್ಷಣ ಕೀಳಿ. ಕಡಜ ಸಾಮಾನ್ಯವಾಗಿ ಮುಳ್ಳು ಬಿಟ್ಟು ಹೋಗುವುದಿಲ್ಲ, ಮತ್ತೆ ಮತ್ತೆ ಚುಚ್ಚುತ್ತದೆ.

ಬಳಸಿದ ಮೇಲೆ ತೊಳೆಯಲೇಬೇಕು. ಬಟ್ಟೆಗೆ ನೆಟ್ಟ ಮುಳ್ಳಿನಿಂದ ಬಾಳೆಹಣ್ಣಿನಂಥ ವಾಸನೆ ಹೊಮ್ಮುತ್ತದೆ. ಮುಂದಿನ ಸಲ ಬೇರೆ ಜೇನುಗಳನ್ನು ಕೆರಳಿಸುವುದು ಅದೇ. ಬಲೆ ಬಿಚ್ಚಿ ಕೈಯಲ್ಲಿ ತೊಳೆಯಿರಿ, ಮೆಷಿನ್ನಿಗೆ ಹಾಕಿದರೆ ಹರಿಯುತ್ತದೆ. ಜೇನನ್ನು ತಣ್ಣಗಾಗಿಸಲು ಹೊಗೆ ಬಿಡುವ ತಿದಿಯ ಕಿಡಿ ತಾಗಿದರೂ ನೈಲಾನ್ ಬಲೆ ತೂತಾಗುತ್ತದೆ. ಜಡಿಮಳೆಯ ತಿಂಗಳುಗಳಲ್ಲಿ ಸೂಟನ್ನು ಮಡಚಿ ಟ್ರಂಕಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಜಿಪ್ ಕಚ್ಚಿಕೊಳ್ಳುತ್ತದೆ. ಒಲೆ ಇರುವ ಕೋಣೆಯಲ್ಲಿ ನೇತುಹಾಕಿ, ಜಿಪ್ಪಿಗೆ ಮೇಣ ಉಜ್ಜಿಡಿ.