ಕಿರುದ್ವೀಪದ ಮಾದರಿ: ನೋಡಲು ಚೆಂದ, ಕಥೆ ಅರ್ಧ

ಮಗಳಿಗೆ ಟೈಪ್ 1 ಮಧುಮೇಹವಿದೆಯೆಂದು ಗೊತ್ತಾಗಿ ನಾಲ್ಕು ವರ್ಷವಾಯಿತು. "ನನ್ನ ಹೊಟ್ಟೆಯೊಳಗೆ ಆಗಿದ್ದೇನಮ್ಮಾ?" ಎಂದು ಆಗಾಗ ಕೇಳುತ್ತಾಳೆ. ಕೈಯಲ್ಲಿ ಹಿಡಿದು ತೋರಿಸಲೆಂದು ಈ ಪ್ಲಾಸ್ಟಿಕ್ ಮಾದರಿಯನ್ನು ತರಿಸಿದೆ. ಮೇದೋಜೀರಕ ಗ್ರಂಥಿಯಲ್ಲಿ ಸುಮಾರು ಹತ್ತು ಲಕ್ಷ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು, ಅಂದರೆ ಹಾರ್ಮೋನು ತಯಾರಿಸುವ ಕೋಶಗಳ ಪುಟ್ಟ ಗುಂಪುಗಳು, ಇರುತ್ತವೆ. ಅಂಥದ್ದೊಂದನ್ನು ಎರಡು ಮುಷ್ಟಿಯಷ್ಟು ದೊಡ್ಡದಾಗಿಸಿದ್ದಾರೆ. ಕೋಶಗಳನ್ನು ಬಿಡಿಬಿಡಿಯಾಗಿ ಕಿತ್ತು ಮತ್ತೆ ಕೂಡಿಸಬಹುದು.

ಕೆಲಸ ನಾಜೂಕಾಗಿದೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ನಡುನಡುವೆಯೇ, ರಕ್ತದ ಸಕ್ಕರೆ ಏರಿಸುವ ಹಾರ್ಮೋನನ್ನು ತಯಾರಿಸುವ ಆಲ್ಫಾ ಕೋಶಗಳು ಬೆರೆತಿವೆ. ಮನುಷ್ಯರಲ್ಲಿ ಇರುವುದೂ ಹಾಗೆಯೇ. ಪಠ್ಯಪುಸ್ತಕದ ಎಷ್ಟೋ ಚಿತ್ರಗಳು ಇಲಿಯ ದ್ವೀಪವನ್ನು ನೋಡಿ ಬರೆದಂತೆ ಆಲ್ಫಾ ಕೋಶಗಳನ್ನು ಅಂಚಿಗೆ ತಳ್ಳಿರುತ್ತವೆ. ಆರೋಗ್ಯವಂತರ ದ್ವೀಪದಲ್ಲೂ ನೆಲೆಸಿರುವ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶವನ್ನು ಸಹ ಮರೆತಿಲ್ಲ.

ನನ್ನ ತಕರಾರು ಟಿ ಕೋಶಗಳ ಬಗ್ಗೆ, ಅಂದರೆ ಈ ಕಾಯಿಲೆಯಲ್ಲಿ ಬೀಟಾ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶಗಳ ಬಗ್ಗೆ. ಅಯಸ್ಕಾಂತವಿರುವ ಕೆಂಪು ಗುಂಡುಗಳು ಬೀಟಾ ಕೋಶಕ್ಕೆ ಅಂಟುತ್ತವೆ, ಅದು ಎರಡು ಹೋಳಾಗುತ್ತದೆ, ಅಷ್ಟೇ. ಮೂರು ಸಲ ಒಡೆದು ನೋಡಿದ ಮಗಳು ಕೇಳಿದಳು: "ಇಷ್ಟೊಂದು ಕೋಶಗಳಿರುವಾಗ ಇದೇ ಎಂದು ಅದಕ್ಕೆ ಹೇಗೆ ಗೊತ್ತಾಯಿತು?"

ಕೈಪಿಡಿ ಉತ್ತರಿಸುವುದಿಲ್ಲ. ಬೀಟಾ ಕೋಶ ತನ್ನೊಳಗಿನ ಪ್ರೋಟೀನುಗಳ ಚೂರುಗಳನ್ನು, ಇನ್ಸುಲಿನ್ ಆಗುವ ಮೊದಲಿನ ಪ್ರೋಟೀನಿನ ಚೂರನ್ನೂ, ಎಚ್‌ಎಲ್‌ಎ ಎಂಬ ತಟ್ಟೆಯಂಥ ಅಣುಗಳ ಮೇಲಿಟ್ಟು ಹೊರಮೈಯಲ್ಲಿ ತೋರಿಸುತ್ತಿರುತ್ತದೆ. ಟಿ ಕೋಶ ಓದುವುದು ಅದನ್ನೇ. ಓದಿ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತದ ಪ್ರೋಟೀನನ್ನು ಸುರಿಸಿದರೆ ಬೀಟಾ ಕೋಶ ಸುಮ್ಮನಿರುವುದಿಲ್ಲ. ಇನ್ನಷ್ಟು ಎಚ್‌ಎಲ್‌ಎ ಹೊರಗಿಡುತ್ತದೆ, ಸಿಎಕ್ಸ್‌ಸಿಎಲ್10 ಎಂಬ ಕೀಮೊಕೈನನ್ನು ಬಿಟ್ಟು ಮತ್ತಷ್ಟು ಟಿ ಕೋಶಗಳನ್ನು ಕರೆಸಿಕೊಳ್ಳುತ್ತದೆ. ವಿಚಿತ್ರವೆಂದರೆ, ಅದೇ ಸಂಕೇತಕ್ಕೆ ಪಿಡಿ-ಎಲ್1 ಎಂಬ ತಡೆಯನ್ನೂ ಎತ್ತಿ ಹಿಡಿಯುತ್ತದೆ. ಕರೆಯುವುದೂ ಅದೇ, ತಡೆಯುವುದೂ ಅದೇ! ತಯಾರಕರು ಇಂಥ ಕೋಶವನ್ನು ಮೂಕ ಬಲಿಪಶುವಾಗಿಸಿದ್ದಾರೆ.

‘ಈ ದಾಳಿಯನ್ನು ನಿಧಾನಗೊಳಿಸಲಾಗದು’ ಎಂಬ ಕೊನೆಯ ಪುಟದ ಮಾತೂ ಹಳತಾಗಿದೆ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಪ್ಲಿಜುಮಾಬ್ ಎಂಬ ಔಷಧ ಟಿ ಕೋಶಗಳ ಮೇಲೆಯೇ ಕೆಲಸ ಮಾಡುತ್ತದೆ. ರೋಗಲಕ್ಷಣ ಇನ್ನೂ ಕಾಣಿಸದವರಲ್ಲಿ ಅದು ಕಾಯಿಲೆಯನ್ನು ಸುಮಾರು ಎರಡು ವರ್ಷ ಮುಂದೂಡಿತ್ತು. ನನ್ನ ಮಗಳ ಪಾಲಿಗೆ ಆ ಹಂತ ದಾಟಿಹೋಗಿದೆ, ಆದರೂ ತಪ್ಪು ತಪ್ಪೇ.

ಅಯಸ್ಕಾಂತಗಳು ದುರ್ಬಲ, ವಾರದೊಳಗೆ ಎರಡು ಉದುರಿದವು.

ಹಳದಿ ಚೀಟಿಗಳನ್ನು ಕತ್ತರಿಸಿ ನಾವೇ ಬೀಟಾ ಕೋಶಗಳಿಗೆ ಅಂಟಿಸಿದ್ದೇವೆ. ಮಗಳು ಒಂದು ಬದಿಗೆ ‘ಬಾ’, ಇನ್ನೊಂದು ಬದಿಗೆ ‘ನಿಲ್ಲು’ ಎಂದು ಬರೆದಿದ್ದಾಳೆ. ಕೊಳ್ಳುವವರು ಗೋಂದು, ಕತ್ತರಿ ಹತ್ತಿರ ಇಟ್ಟುಕೊಳ್ಳಿ.